ಪೆಲ್ವಿಕ್ ಫ್ಲೋರ್: ಪರ್ಸಿ ಕಲ್ಲೋ, ನುಲಿ ಹೊರಸೋ?

"ನಿಮ್ಮ ಪೆಲ್ವಿಕ್ ಫ್ಲೋರ್ ವೀಕ್ ಆಗ್ಯಾದರಿ" ಅಂದರು ಫಿಸಿಯೊಥೆರಪಿ ಮೇಡಂ. ಮೂತ್ರ ಸೋರುತ್ತದೆ ಅಂತ ತೋರಿಸಲು ಬಂದಿದ್ದ ನಮ್ಮ ಕಾಕಿ ನನ್ನ ಕಡೆ ವಾಲಿ ಪಿಸುಗುಟ್ಟಿದಳು: "ಫ್ಲೋರ್ ಅಂದ್ರ ಪರ್ಸಿ ಅಲ್ಲೇನ? ನನ್ನೊಳಗ ಎಲ್ಲಿ ಪರ್ಸಿ ಅದ?"

ಕಾಕಿ ಹುಟ್ಟಿದ್ದು, ಮೂರು ಬಾಣಂತನ ಮುಗಿಸಿದ್ದು, ಈಗ ಮೊಮ್ಮಕ್ಕಳನ್ನು ಆಡಿಸುವುದು, ಎಲ್ಲ ಶಹಾಬಾದ್ ಪರ್ಸಿ ಹಾಸಿದ ಮನೆಗಳಲ್ಲೇ. ಫ್ಲೋರ್ ಅಂದರೆ ಅವಳಿಗೆ ಬೇರೇನು ಹೊಳೆಯಬೇಕು? ನನ್ನ ಕೇಳಿದರೆ ಆ ಹೆಸರೇ ಸರಿ ಇಲ್ಲ.

ಪೆಲ್ವಿಸ್ ಅನ್ನುವುದು ಲ್ಯಾಟಿನ್ ಪದ. ಅರ್ಥ, ಬೋಗುಣಿ. ಸೊಂಟದ ಎಲುಬುಗಳೆಲ್ಲ ಸೇರಿದರೆ ಬೋಗುಣಿಯ ಆಕಾರ ಕಾಣುತ್ತದೆ, ಅದಕ್ಕೆ ಆ ಹೆಸರು. ಆದರೆ ಈ ಬೋಗುಣಿಗೆ ಎಲುಬಿನ ತಳ ಇಲ್ಲ. ಅಡಿ ತೆರೆದೇ ಇರುತ್ತದೆ. ಅಲ್ಲಿ ಮುಂದಿನ ಎಲುಬಿನಿಂದ ಹಿಂದೆ ಬಾಲದೆಲುಬಿನವರೆಗೆ ಸ್ನಾಯುಗಳ ಒಂದು ಹಾಸು ಬಿಗಿದಿರುತ್ತದೆ. ಅದೇ ಪೆಲ್ವಿಕ್ ಫ್ಲೋರ್. ಮೂತ್ರಕೋಶ, ಗರ್ಭಕೋಶ, ಮಲ ಬರುವ ಕರುಳಿನ ಕೊನೆ, ಮೂರರ ಭಾರವನ್ನೂ ಈ ಹಾಸು ಹೊರುತ್ತದೆ. ಗಂಡಸರಿಗೆ ಗರ್ಭಕೋಶ ಇರುವುದಿಲ್ಲ, ಹಾಸು ಇದ್ದೇ ಇರುತ್ತದೆ. ಪುಸ್ತಕದ ಕನ್ನಡದಲ್ಲಿ ಇದನ್ನು ಶ್ರೋಣಿತಳ ಅನ್ನಬಹುದು. ಆದರೆ ಆಸ್ಪತ್ರೆಯ ಸಾಲಿನಲ್ಲಿ ನಿಂತು "ನನ್ನ ಶ್ರೋಣಿತಳ ನೋಡ್ರಿ" ಅನ್ನುವವರನ್ನು ನಾನಂತೂ ಕಂಡಿಲ್ಲ.

ನನಗೆ ಸರಿ ಅನಿಸುವ ಪದ ಹೊರಸು. ನುಲಿ ಹಗ್ಗದಿಂದ ಹೆಣೆದ ಮಂಚ. ಶರಣ ನುಲಿಯ ಚಂದಯ್ಯ ಹಗ್ಗ ಹೊಸೆದ ಕಲ್ಯಾಣ ನಮ್ಮ ಪಕ್ಕದ ಬೀದರ್ ಜಿಲ್ಲೆಯಲ್ಲೇ ಇದೆ, ಈ ಕಡೆಯವರಿಗೆ ನುಲಿ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಹೊಸದಾಗಿ ಹೆಣೆದ ಹೊರಸಿನ ಮೇಲೆ ಕೂತರೆ ತುಸು ತಗ್ಗುತ್ತದೆ, ಎದ್ದರೆ ಮತ್ತೆ ಮೇಲೆ ಬರುತ್ತದೆ. ವರ್ಷಗಟ್ಟಲೆ ಮಲಗಿದ ಮೇಲೆ ನಡು ಜೋತು ಬೀಳುತ್ತದೆ. ಹಾಗಂತ ಹೊರಸನ್ನು ಯಾರೂ ಒಲೆಗೆ ಹಾಕುವುದಿಲ್ಲ. ಕಾಲ ಕಡೆಯ ಹಗ್ಗ ಎಳೆದು ಬಿಗಿ ಮಾಡುತ್ತಾರೆ. ಒಡೆದ ಪರ್ಸಿಗೆ ಆ ಭಾಗ್ಯ ಇಲ್ಲ. ಕಾಕಿಗೆ ಇಷ್ಟು ಹೇಳಿದ ಕೂಡಲೇ ತಿಳಿಯಿತು. ಮೇಡಂ ಕೂಡ ನಕ್ಕು, ಅವತ್ತಿನಿಂದ ಹೊರಸು ಅಂತಲೇ ಮಾತಾಡಿದರು.

ಈ ನುಲಿ ಸಡಿಲಾಗಲು ಕಾರಣ ಒಂದೆರಡಲ್ಲ. ಬಸಿರು, ಹೆರಿಗೆ. ಮುಟ್ಟು ನಿಂತ ಮೇಲಿನ ಬದಲಾವಣೆ. ಹೊಗೆಯಿಂದಲೋ ಬೀಡಿಯಿಂದಲೋ ಹತ್ತಿದ ಹಳೇ ಕೆಮ್ಮು. ಮಲಬದ್ಧತೆ, ಅದಕ್ಕೆ ದಿನಾ ತಿಣುಕುವುದು. ಮೈಭಾರ. ತುಂಬಿದ ಕೊಡ, ತೊಗರಿ ಚೀಲ ಎತ್ತುವುದು. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ತೆಗೆಸಿದ ಮೇಲೆ ಮೂತ್ರ ಸೋರಿಕೆ ಶುರುವಾಗುವುದುಂಟು. ಅವರಿಗೂ ಈ ಹೊರಸು ಬಿಗಿ ಮಾಡುವ ತರಬೇತಿಯನ್ನೇ ಕೊಡುತ್ತಾರೆ.

ಕಾಕಿ ತನ್ನ ಸೋರಿಕೆಯನ್ನು ನಾಲ್ಕು ವರ್ಷ ಯಾರಿಗೂ ಹೇಳಿರಲಿಲ್ಲ. ಶರಣಬಸವೇಶ್ವರ ಜಾತ್ರೆಗೆ ಬಾ ಅಂದರೆ ಮೊಣಕಾಲು ನೋವು ಅನ್ನುತ್ತಿದ್ದಳು. ಆಳಂದದ ಬಸ್ಸು ಹತ್ತುವ ದಿನ ಬೆಳಗಿನಿಂದ ನೀರೇ ಮುಟ್ಟುತ್ತಿರಲಿಲ್ಲ. ಒಂದು ಸಂಜೆ ಒಗ್ಗರಣೆಯ ಘಾಟು ಮೂಗಿಗೆ ಹೊಡೆದು ಕೆಮ್ಮಿದವಳು ಹಾಗೇ ಗೋಡೆ ಹಿಡಿದು ನಿಂತಳು. ಏನಾಯ್ತು ಅಂದೆ. "ಕೆಮ್ಮಿದ್ರ ಸೀರಿ ತೊಯ್ತದವ್ವ" ಅಂದಳು. ಮೊದಲು ತೋರಿಸಿದ ಕಡೆ "ವಯಸ್ಸಾತಲ್ಲ, ಪ್ಯಾಡ್ ಇಟ್ಕೊಳ್ರಿ" ಅಂತ ಎರಡೇ ಮಾತಿನಲ್ಲಿ ಕಳಿಸಿದರು. ನನಗೆ ಸಿಟ್ಟು ಬಂದದ್ದು ಪ್ಯಾಡ್ ಅಂದಿದ್ದಕ್ಕಲ್ಲ. ಪ್ಯಾಡ್ ಒಂದು ಅನುಕೂಲ, ಇರಲಿ. ವಯಸ್ಸು ಅಂದುಬಿಟ್ಟರೆ ಅಲ್ಲಿಗೆ ಮಾತೇ ಮುಗಿಯಿತಲ್ಲ, ಅದಕ್ಕೆ.

ಇಲ್ಲಿ ಇನ್ನೆರಡು ಪದ ತಿಳಿದಿರಬೇಕು. ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಭಾರ ಎತ್ತಿದಾಗ ಸೋರುವುದಕ್ಕೆ ಡಾಕ್ಟರುಗಳು ಸ್ಟ್ರೆಸ್ ಇನ್‌ಕಾಂಟಿನೆನ್ಸ್ ಅನ್ನುತ್ತಾರೆ. ಸ್ಟ್ರೆಸ್ ಅಂದ ಕೂಡಲೇ ನಾವು ಮನಸ್ಸಿನ ಟೆನ್ಷನ್ ಅಂದುಕೊಳ್ಳುತ್ತೇವೆ. ಕಾಕಿಯೂ "ನನಗ ಯಾವ ಟೆನ್ಷನ್ ಇಲ್ಲರಿ, ಮಕ್ಕಳು ಚಂದ ನೋಡ್ಕೋತಾರ" ಅಂತ ಮೇಡಂಗೆ ಸಮಜಾಯಿಷಿ ಕೊಟ್ಟಳು! ಇಲ್ಲಿ ಸ್ಟ್ರೆಸ್ ಅಂದರೆ ಹೊಟ್ಟೆಯಿಂದ ಕೆಳಗೆ ಬೀಳುವ ಒತ್ತಡ. ಕೆಮ್ಮಿದಾಗ ಮೇಲಿನಿಂದ ಒತ್ತು ಬೀಳುತ್ತದೆ, ಕೆಳಗಿನ ಹೊರಸು ಅದನ್ನು ತಡೆಯಲಾರದೆ ತಗ್ಗುತ್ತದೆ, ನಾಲ್ಕು ಹನಿ ಹೊರಗೆ ಬರುತ್ತವೆ.

ಇನ್ನೊಂದು ಅರ್ಜ್ ಇನ್‌ಕಾಂಟಿನೆನ್ಸ್, ಅವಸರದ ಸೋರಿಕೆ. ಮನೆ ಮುಟ್ಟುವವರೆಗೆ ಸುಮ್ಮನಿದ್ದು, ಬಾಗಿಲಿನ ಕೀಲಿ ತೆಗೆಯುವಷ್ಟರಲ್ಲಿ ತಡೆಯಲಾಗದೆ ಹೋಗುವುದು ಇದೇ ಜಾತಿ. ಇಲ್ಲಿ ಮೂತ್ರಕೋಶವೇ ಹೊತ್ತಲ್ಲದ ಹೊತ್ತಿನಲ್ಲಿ ಹಿಂಡಿಕೊಳ್ಳುತ್ತದೆ. ಎರಡೂ ಸೇರಿ ಬರುವುದು ಎಷ್ಟೋ ಜನಕ್ಕೆ ಆಗುವಂಥದ್ದೇ. ಯಾವುದು ಎಷ್ಟು ಅಂತ ಗೊತ್ತಾದರೆ ಮಾತ್ರ ಉಪಾಯ ಸರಿಯಾಗಿ ಹೂಡಬಹುದು.

ಅದಕ್ಕೇ ಮೇಡಂ ಮೊದಲು ಕೊಟ್ಟದ್ದು ವ್ಯಾಯಾಮ ಅಲ್ಲ, ಲೆಕ್ಕ. ಮೂರು ದಿನ ಏನು ಕುಡಿದೆ, ಎಷ್ಟು ಹೊತ್ತಿಗೆ ಒಂದಕ್ಕೆ ಹೋದೆ, ಎಷ್ಟಾಯ್ತು, ಯಾವಾಗ ಸೋರಿತು, ಎಲ್ಲ ಬರೆಯಬೇಕು. ಇದಕ್ಕೆ ಬ್ಲ್ಯಾಡರ್ ಡೈರಿ ಅಂತ ಹೆಸರು. ಅಳತೆಗೆ ಒಂದು ಹಳೇ ಪ್ಲಾಸ್ಟಿಕ್ ಜಗ್ ಬಚ್ಚಲಿಗೆ ಹೋಯಿತು. ಕಾಕಿ ಹೇಳಿದ್ದು, ಮೊಮ್ಮಗಳು ಶಾಲೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದದ್ದು. ನೋಡಿದರೆ ದಿನಕ್ಕೆ ಚಹಾ ಆರು ಸಲ, ನೀರು ಎರಡೇ ತಂಬಿಗೆ. ಅದೂ ನಮ್ಮ ಕಲಬುರಗಿ ಬೇಸಿಗೆಯಲ್ಲಿ! ನೀರು ಕಡಿಮೆ ಕುಡಿದರೆ ಸೋರುವುದಿಲ್ಲ ಅನ್ನುವುದು ಎಲ್ಲರ ನಂಬಿಕೆ. ಆದರೆ ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸಬಹುದು, ಮಲವೂ ಗಟ್ಟಿಯಾಗುತ್ತದೆ. ಚಹಾದ ಕೆಫೀನ್ ಅವಸರವನ್ನು ಹೆಚ್ಚಿಸಬಹುದು. ಆರು ಚಹಾ ಎರಡಕ್ಕಿಳಿಯಿತು. ಅದರ ದುಃಖ ಕಾಕಿಗೆ ಇನ್ನೂ ಇದೆ.

ಆಮೇಲೆ ಕಲಿಕೆ. ಕಾಕಿ ಕರೆಂಟ್ ಇಡುತ್ತಾರೆ ಅಂದುಕೊಂಡು ಬಂದಿದ್ದಳು. ನಮ್ಮಲ್ಲಿ ಫಿಸಿಯೊ ಅಂದರೆ ಮೊಣಕಾಲಿಗೆ ಕರೆಂಟ್ ಅಂತಲೇ ಅಲ್ವಾ? ಈ ಕೆಲಸದಲ್ಲೂ ಕರೆಂಟ್ ಇದೆ, ಆದರೆ ಅದು ಸ್ನಾಯು ಬಿಗಿ ಹಿಡಿಯಲು ಆಗದೇ ಇರುವವರಿಗೆ. ಕಾಕಿಯನ್ನು ಮಂಚದ ಮೇಲೆ ಮಲಗಿಸಿ, ಮೊಣಕಾಲು ಮಡಚಿಸಿ, "ಮಂದಿ ನಡುವ ಕೂತಾಗ ಗಾಳಿ ಬರಂಗಾದ್ರ ಹೆಂಗ ತಡೀತೀರಿ, ಹಂಗ ಒಳಗ, ಮ್ಯಾಲಕ್ಕ ಎಳೀರಿ" ಅಂದರು. ಕಾಕಿ ಉಸಿರು ಕಟ್ಟಿದಳು, ಕುಂಡಿ ಬಿಗಿದಳು, ಹೊಟ್ಟೆ ಎಳೆದುಕೊಂಡಳು, ಹುಬ್ಬು ಕೂಡ ಗಂಟಿಕ್ಕಿದಳು. ಹೊರಸು ಮಾತ್ರ ಅಲ್ಲಾಡಲಿಲ್ಲ. ಇದು ಎಲ್ಲರೂ ಮಾಡುವ ತಪ್ಪೇ. ಕೆಲವರು ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ತಿಣುಕುತ್ತಾರೆ, ಅದರಿಂದ ಇನ್ನೂ ಕೆಡುತ್ತದೆ. ಸರಿಯಾದ ಸ್ನಾಯು ಎದ್ದಿತೋ ಇಲ್ಲವೋ ಅಂತ ತಿಳಿಯಲು ಥೆರಪಿಸ್ಟ್ ಕೈಗವಸು ಹಾಕಿ ಒಳಗೆ ಪರೀಕ್ಷಿಸುವುದುಂಟು. ನಿಮ್ಮನ್ನು ಕೇಳಿ, ಒಪ್ಪಿದರೆ ಮಾತ್ರ. ಬೇಡ ಅನ್ನಬಹುದು. ಜೊತೆಗೆ ಮನೆಯವರನ್ನು ಕೂರಿಸಿಕೊಳ್ಳಬಹುದು. ಕಾಕಿ ನನ್ನ ಕೈ ಹಿಡಿದುಕೊಂಡು ಹೂಂ ಅಂದಳು. ಎರಡನೇ ವಾರಕ್ಕೆ ಮೇಡಂ "ಈಗ ಬಂತು ನೋಡ್ರಿ" ಅಂದರು.

ಅಳತೆ ಹೀಗೆ. ಬಿಗಿ ಹಿಡಿಯುವುದು, ಉಸಿರಾಡುತ್ತ ಎಣಿಸುವುದು, ಪೂರ್ತಿ ಸಡಿಲ ಬಿಡುವುದು. ಶುರುವಿಗೆ ಮೂರು ಎಣಿಕೆ ಸಾಕು, ಬರಬರುತ್ತ ಎಂಟು, ಹತ್ತು. ನಡುವೆ ಪಟಪಟ ಅಂತ ಬಿಗಿದು ಬಿಡುವುದೂ ಬೇಕು. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ ಮಾರ್ಗಸೂಚಿ ಒಂದು ಸಲಕ್ಕೆ ಕನಿಷ್ಠ 8 ಬಿಗಿತ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು ಅನ್ನುತ್ತದೆ. ಅದೂ ತಿಳಿದವರ ಉಸ್ತುವಾರಿಯಲ್ಲಿ. ಒತ್ತಡದ ಸೋರಿಕೆಗೆ ಇದೇ ಮೊದಲ ಚಿಕಿತ್ಸೆ, ಆಪರೇಷನ್ ಮಾತು ಆಮೇಲೆ. ಕಾಕ್ರೇನ್ ಅನ್ನುವ ಸಂಸ್ಥೆಯ 2018ರ ವಿಮರ್ಶೆ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಒತ್ತಡದ ಸೋರಿಕೆಯ ಹೆಂಗಸರಲ್ಲಿ ತರಬೇತಿ ಪಡೆದ 100 ಜನರಲ್ಲಿ 56 ಮಂದಿ ವಾಸಿಯಾಯಿತು ಅಂದರು. ತರಬೇತಿ ಇಲ್ಲದವರಲ್ಲಿ ಹಾಗಂದವರು 6. ಎಲ್ಲರಿಗೂ ನಿಲ್ಲಲಿಲ್ಲ ಅನ್ನುವುದನ್ನೂ ಅದೇ ಲೆಕ್ಕ ಹೇಳುತ್ತದೆ.

ಈ ವ್ಯಾಯಾಮಕ್ಕೆ ಕೀಗಲ್ ಅನ್ನುವ ಹೆಸರೂ ಇದೆ. ಅರ್ನಾಲ್ಡ್ ಕೀಗಲ್ ಅಮೆರಿಕದ ಸ್ತ್ರೀರೋಗ ತಜ್ಞ. 1948ರಲ್ಲಿ ಇದರ ಬಗ್ಗೆ ಲೇಖನ ಬರೆದ. ಸ್ನಾಯು ಎಷ್ಟು ಒತ್ತುತ್ತದೆ ಅಂತ ಮುಳ್ಳಿನಲ್ಲಿ ತೋರಿಸುವ ಉಪಕರಣವನ್ನೂ ಬಳಸಿದ. ಈಗಿನ ವಿಡಿಯೊಗಳು ಆ ಅಳೆಯುವ ಭಾಗ ಬಿಟ್ಟು ಬರೀ "ಬಿಗಿ ಹಿಡಿಯಿರಿ" ಅನ್ನುತ್ತವೆ. ಯೋಗ ಕಲಿತವರಿಗೆ ಮೂಲಬಂಧ ನೆನಪಾಗಬಹುದು. ಹತ್ತಿರದ್ದೇ. ಇನ್ನು ಒಂದಕ್ಕೆ ಕೂತಾಗ ನಡುವೆ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡಬಾರದು. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಬೇರೆ ತೊಂದರೆ ಬರಬಹುದು.

ಕಾಕಿಗೆ ಹೆಚ್ಚು ಉಪಯೋಗವಾದದ್ದು ಒಂದು ಸಣ್ಣ ಉಪಾಯ. ಕೆಮ್ಮು ಬರುವ ಮೊದಲೇ ಬಿಗಿ ಹಿಡಿಯುವುದು. ಇಂಗ್ಲಿಷಿನಲ್ಲಿ ಇದಕ್ಕೆ ನ್ಯಾಕ್ ಅನ್ನುತ್ತಾರೆ, ನಮ್ಮ ಮಾತಿನಲ್ಲಿ ಕೈಚಳಕ. ಈಗ ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಮೊದಲು ಕಾಕಿ ಒಂದು ಗಳಿಗೆ ಸುಮ್ನೆ ನಿಲ್ಲುತ್ತಾಳೆ. ನೋಡಿದವರಿಗೆ ಏನೋ ನೆನಪು ಮಾಡಿಕೊಳ್ಳುತ್ತಿದ್ದಾಳೆ ಅನಿಸುತ್ತದೆ. ಆಮೇಲೆ ಮೆಣಸಿನಕಾಯಿ, ಆಮೇಲೆ ಕೆಮ್ಮು.

ಅವಸರ ಬಂದಾಗ ಓಡಬಾರದು ಅನ್ನುವುದು ಇನ್ನೊಂದು ಪಾಠ. ನಿಂತು ಅಥವಾ ಕೂತು ಐದಾರು ಸಲ ಬೇಗಬೇಗ ಬಿಗಿದು ಬಿಡಬೇಕು. ಅಲೆ ಇಳಿದ ಮೇಲೆ ಮೆಲ್ಲಗೆ ಹೋಗಬೇಕು. ಜೊತೆಗೆ ಹೋಗುವ ಅಂತರವನ್ನು ಸ್ವಲ್ಪ ಸ್ವಲ್ಪವೇ ಉದ್ದ ಮಾಡುತ್ತಾರೆ. ಇದಕ್ಕೆ ಕನಿಷ್ಠ 6 ವಾರ ಬೇಕು.

ಇದು ಎಲ್ಲರಿಗೂ ಒಂದೇ ಮದ್ದಲ್ಲ. ಕೆಲವರ ಸ್ನಾಯು ಸಡಿಲ ಇರುವುದಿಲ್ಲ, ಅತಿ ಬಿಗಿ ಇರುತ್ತದೆ. ಅಲ್ಲಿ ನೋವು ಇರಬಹುದು, ಮೂತ್ರ ಬಿಡುವುದೇ ಕಷ್ಟ ಆಗಬಹುದು. ಅಂಥವರು ಮೊದಲು ಸಡಿಲ ಬಿಡುವುದನ್ನು ಕಲಿಯಬೇಕು, ಸುಮ್ನೆ ಬಿಗಿದರೆ ನೋವು ಹೆಚ್ಚುತ್ತದೆ. ಉರಿ, ಜ್ವರ ಇದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ಶುಗರ್ ಇದ್ದು ಪದೇ ಪದೇ ಹೋಗಬೇಕಾದರೆ ಡಾಕ್ಟರಿಗೆ ಮೊದಲು ತೋರಿಸಿ. ಸೊಂಟ ನೋವಿನ ಜೊತೆ ತೊಡೆಸಂದು ಮರಗಟ್ಟಿ, ಮೂತ್ರ ಕಟ್ಟಿದರೆ ಅಥವಾ ಒಮ್ಮೆಲೇ ಸೋರತೊಡಗಿದರೆ ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಬೇಕು.

ಎಲ್ಲ ಫಿಸಿಯೊಗಳೂ ಈ ಕೆಲಸ ಮಾಡುವುದಿಲ್ಲ. ಹೋಗುವ ಮೊದಲು ಫೋನ್ ಮಾಡಿ "ಮೂತ್ರ ಸೋರಿಕೆಗೆ ಪೆಲ್ವಿಕ್ ಫ್ಲೋರ್ ತರಬೇತಿ ಕೊಡ್ತೀರೇನ್ರಿ, ಹೆಣ್ಮಕ್ಕಳು ಅದಾರೇನ್ರಿ" ಅಂತ ಕೇಳಿ. ಸ್ತ್ರೀರೋಗ ಅಥವಾ ಮೂತ್ರರೋಗದ ಡಾಕ್ಟರನ್ನು ಕೇಳಿದರೂ ಆಯಿತು.

ಕಾಕಿ ಶುರು ಮಾಡಿ ಈಗ ಐದನೇ ತಿಂಗಳು. ಒಂದೊಂದು ರೊಟ್ಟಿ ಹಂಚಿನ ಮೇಲೆ ಹಾಕಿದಾಗ ಒಂದೊಂದು ಸಲ ಬಿಗಿ ಹಿಡಿಯುತ್ತಾಳೆ, ಅದರಿಂದ ಲೆಕ್ಕ ತಪ್ಪುವುದಿಲ್ಲ. ಈ ಸಲ ಜಾತ್ರೆಗೂ ಹೋಗಿ ಬಂದಳು. ಪೂರ್ತಿ ನಿಂತಿದೆಯಾ ಅಂತ ಮೊನ್ನೆ ಕೇಳಿದೆ. "ಕೆಮ್ಮಿಗಿ ಏನಿಲ್ಲ" ಅಂದಳು. "ಸೀನು ಒಂದೇ ಬಂದ್ರ ತಡೀತೀನಿ. ಹಿಂದs ಎರಡನೇದು ಬರ್ತದಲ್ಲ, ಅದು ಹೇಳದೇ ಬರ್ತದ."