ಬೆಚ್ಚಗೆ ಕೂತು ಬೆಚ್ಚುವ ಕತೆಗೊಂದು ನಂಜಿಕೆ

ದಾವಣಗೆರೆಯಲ್ಲಿ ಮಂಡಕ್ಕಿಯನ್ನು ಬರಿದೇ ತಿನ್ನುವವರು ಕಡಿಮೆ. ಅದಕ್ಕೆ ಮಿರ್ಚಿ ನಂಜಿಕೊಳ್ಳುತ್ತಾರೆ. ಒಂದು ತಿನಿಸಿನ ಸಪ್ಪೆಯನ್ನು ಇನ್ನೊಂದರ ಖಾರದಿಂದ ಮುರಿಯುತ್ತ, ಆದರೆ ಎರಡನ್ನೂ ಕಲಸಿ ಒಂದಾಗಿಸದೆ, ತುತ್ತಿಗೊಮ್ಮೆ ಕಚ್ಚಿಕೊಳ್ಳುವ ಈ ಕ್ರಮಕ್ಕೆ ನಮ್ಮಲ್ಲಿ ಇಷ್ಟು ಖಚಿತವಾದ ಕ್ರಿಯಾಪದವಿದೆ. ಪುಸ್ತಕಕ್ಕೆ ಒಪ್ಪುವ ತಿನಿಸನ್ನು ಆರಿಸುವುದಕ್ಕೆ ಓದುಗರ ಬಳಗಗಳಲ್ಲಿ ಕೇಳಿಬರುವ ‘ಪೇರಿಂಗ್’ ಎಂಬ ಮಾತಿಗೆ ಜೋಡಣೆ, ಹೊಂದಾಣಿಕೆ ಮೊದಲಾದ ಪದಗಳನ್ನು ಹುಡುಕುವವರು ಈ ಪದವನ್ನು ಮರೆತಂತಿದೆ. ‘ಕೋಜಿ ಮಿಸ್ಟರಿ’ ಎಂಬ ಜಾತಿಯ ಪತ್ತೇದಾರಿ ಕಾದಂಬರಿಗೆ ಇಂಥದೇ ಚಾಕೊಲೇಟ್ ಸಿಹಿ ಒಪ್ಪುತ್ತದೆ ಎಂದು ಗೊತ್ತುಮಾಡುವುದೆಂದರೆ, ಆ ಪುಸ್ತಕಕ್ಕೊಂದು ನಂಜಿಕೆಯನ್ನು ಆರಿಸುವುದು ಎಂದೇ ಅರ್ಥ.

ಮೊದಲು ಕೋಜಿ ಎಂಬುದನ್ನು ನೋಡೋಣ. ಇಂಗ್ಲಿಷಿನಲ್ಲಿ ಅದು ಹೊರಗಿನ ಚಳಿಯಿಂದ ಒಳಗೆ ಬಂದವನ ಸುಖ; ಚಹಾದ ಪಾತ್ರೆ ಆರದಂತೆ ಹೊದಿಸುವ ಬಟ್ಟೆಯ ಗವಸಿಗೂ ಅದೇ ಹೆಸರು. ಸರ್ವಜ್ಞ ಸ್ವರ್ಗಕ್ಕಿಂತ ಮೇಲೆಂದು ಎಣಿಸಿದ ‘ಬೆಚ್ಚನೆಯ ಮನೆ’ ಈ ಅರ್ಥಕ್ಕೆ ತೀರ ಹತ್ತಿರದಲ್ಲಿದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿಯ ಸಮೀಪಕ್ಕೆ ಏರುವ ದಾವಣಗೆರೆ, ಚಿತ್ರದುರ್ಗಗಳಲ್ಲಿ ಸುಖವೆಂದರೆ ತಂಪು, ಹರಕೆಯೆಂದರೆ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂಬುದು ನಿಜ. ಆದರೂ ನಾನು ಬೆಚ್ಚಗೆ ಎಂಬುದನ್ನೇ ಉಳಿಸಿಕೊಳ್ಳುತ್ತೇನೆ, ಏಕೆಂದರೆ ಕನ್ನಡದಲ್ಲಿ ‘ಬೆಚ್ಚು’ ಎಂದರೆ ಹೆದರಿ ಅದುರುವುದೂ ಹೌದು. ಬೆಚ್ಚಗೆ ಕೂತು ಬೆಚ್ಚುವುದು: ಈ ಪ್ರಕಾರದ ಲಕ್ಷಣವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಇಂಗ್ಲಿಷಿಗೂ ಕಷ್ಟ.

ಆ ಲಕ್ಷಣವಾದರೂ ಏನು? ಊರು ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ಕೊಲೆ ನಡೆಯುತ್ತದೆ, ಆದರೆ ಸಾಮಾನ್ಯವಾಗಿ ಓದುಗನ ಕಣ್ಣ ಮುಂದೆ ಅಲ್ಲ. ರಕ್ತದ ವರ್ಣನೆಗೆ ಇಲ್ಲಿ ಜಾಗವಿಲ್ಲ. ಪತ್ತೆ ಮಾಡುವವರು ಸಾಮಾನ್ಯವಾಗಿ ಪೊಲೀಸರಲ್ಲ, ಬೇಕರಿ ನಡೆಸುವವಳೋ ಗ್ರಂಥಾಲಯ ನೋಡಿಕೊಳ್ಳುವವಳೋ ಆಗಿರುವ ಹವ್ಯಾಸಿಗಳು. ಅವರ ಬಳಿ ಪ್ರಯೋಗಾಲಯವಿಲ್ಲ, ಕಿವಿ ಇದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ನಮ್ಮ ಹಿರಿಯರಿಗೆ ಪತ್ತೇದಾರಿ ಎಂದರೆ ಸಾಹಸ, ಬೆನ್ನಟ್ಟುವಿಕೆ. ಕೋಜಿಯಲ್ಲಿ ಬೆನ್ನಟ್ಟುವ ಕೆಲಸವನ್ನು ಮಾಡುವುದು ಮಾತು. ಅರಳಿಕಟ್ಟೆಯಲ್ಲಿ ಅರ್ಧ ದಿನ ಕೂತವನಿಗೆ ಊರಿನ ಗುಟ್ಟೆಲ್ಲ ತಾನಾಗಿ ಬಂದು ಸೇರುವಂತೆ, ಸುಳಿವುಗಳು ಇಲ್ಲಿ ಹರಟೆಯ ಮೂಲಕ ಬರುತ್ತವೆ.

ಹರಟೆಗೆ ಬಾಯಿ ತೆರೆಸುವುದು ತಿಂಡಿ. ಅಡುಗೆಮನೆ ಈ ಕಾದಂಬರಿಗಳೊಳಗೆ ಬಂದದ್ದು ಅಲಂಕಾರಕ್ಕಾಗಿ ಅಲ್ಲ, ತಟ್ಟೆ ಮುಂದಿಟ್ಟರೆ ಸಾಕ್ಷಿ ಹೇಳುವವನ ನಾಲಗೆ ಸಡಿಲವಾಗುತ್ತದೆ ಎಂಬ ಕಾರಣಕ್ಕೆ. ಅಮೆರಿಕದ ಜೋನ್ ಫ್ಲೂಕ್ 2000ದಲ್ಲಿ ಆರಂಭಿಸಿದ ಸರಣಿಯ ನಾಯಕಿ ಹ್ಯಾನಾ ಸ್ವೆನ್ಸನ್ ಮಿನೆಸೋಟದ ಒಂದು ಕಲ್ಪಿತ ಊರಿನಲ್ಲಿ ಕುಕಿ ಅಂಗಡಿ ಇಟ್ಟವಳು. ಕತೆಯ ನಡುನಡುವೆ ಅವಳ ತಿನಿಸುಗಳ ಪಾಕವಿಧಾನಗಳೂ ಅಚ್ಚಾಗಿರುತ್ತವೆ.

ಆದರೆ ಚಾಕೊಲೇಟೇ ಏಕೆ? ಉತ್ತರ ಕೋಜಿಗಿಂತ ಹಳೆಯದು, ಅಷ್ಟೇನೂ ಸಿಹಿಯಲ್ಲದ್ದು. 1871ರಲ್ಲಿ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಕ್ರಿಸ್ಟಿಯಾನಾ ಎಡ್ಮಂಡ್ಸ್ ಎಂಬಾಕೆ ಚಾಕೊಲೇಟ್ ಮಿಠಾಯಿಗಳಲ್ಲಿ ಸ್ಟ್ರಿಕ್ನಿನ್ ಎಂಬ ವಿಷ ಬೆರೆಸಿ ಹಂಚಿದ್ದರಿಂದ ನಾಲ್ಕು ವರ್ಷದ ಮಗುವೊಂದು ಸತ್ತಿತು. ಸ್ಟ್ರಿಕ್ನಿನ್ ಕಡುಕಹಿ, ಕೋಕೋ ಕೂಡ ಹುಟ್ಟಾ ಕಹಿ, ಸಕ್ಕರೆ ಅದರ ಮೇಲಿನ ಮುಸುಕು. ಒಂದು ಕಹಿಯೊಳಗೆ ಇನ್ನೊಂದು ಕಹಿ ಅಡಗಬಲ್ಲದೆಂಬ ಈ ಅನುಕೂಲವನ್ನು ಪತ್ತೇದಾರಿ ಬರಹಗಾರರು ಬಿಟ್ಟಾರೆಯೆ? 1929ರಲ್ಲಿ ಆಂಟನಿ ಬರ್ಕ್ಲಿ ಒಂದು ವಿಷದ ಚಾಕೊಲೇಟ್ ಪೆಟ್ಟಿಗೆಯ ಸುತ್ತಲೇ ಇಡೀ ಕಾದಂಬರಿ ಕಟ್ಟಿದರು. ಮೊದಲ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಟಾರ್ಕಿ ಪಟ್ಟಣದ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದು ವಿಷಗಳ ಪರಿಚಯ ಮಾಡಿಕೊಂಡಿದ್ದ ಅಗಾಥಾ ಕ್ರಿಸ್ಟಿ ಇದನ್ನು ಇನ್ನೊಂದು ಸುತ್ತು ತಿರುಗಿಸಿದರು. ಅವರ 1950ರ ಒಂದು ಕಾದಂಬರಿಯಲ್ಲಿ ಹುಟ್ಟುಹಬ್ಬಕ್ಕೆಂದು ಮಾಡಿದ ಚಾಕೊಲೇಟ್ ಕೇಕಿಗೆ ಮನೆಯವರು ‘ರುಚಿಯಾದ ಸಾವು’ ಎಂಬರ್ಥದ ಹೆಸರಿಡುತ್ತಾರೆ. ಅಂದೇ ಸಾವೂ ಬರುತ್ತದೆ, ಆದರೆ ಕೇಕು ನಿರಪರಾಧಿ.

ಇಲ್ಲಿ ನಮ್ಮ ನಂಜಿಕೆಯ ಪದ ಮತ್ತೊಮ್ಮೆ ಮಿನುಗುತ್ತದೆ. ನಂಜು ಎಂದರೆ ವಿಷ, ಅದನ್ನುಂಡವನು ನಂಜುಂಡ. ನಂಜಿಕೊಳ್ಳುವುದಕ್ಕೂ ಈ ನಂಜಿಗೂ ಬೇರು ಒಂದೇ ಎಂದು ನಾನು ವಾದಿಸುತ್ತಿಲ್ಲ, ಆದರೆ ವಿಷದ ಕತೆಗೆ ಚಾಕೊಲೇಟ್ ನಂಜಿಕೊಳ್ಳುವವನ ಕಿವಿಗೆ ಎರಡೂ ಒಟ್ಟಿಗೇ ಕೇಳಿಸದಿರವು.

ಇನ್ನು ಆಯ್ಕೆಯ ಮಾತು. ಒಳಗೆ ದ್ರವವನ್ನು ಅಡಗಿಸಿಕೊಂಡ ಲಾವಾ ಕೇಕು ರಹಸ್ಯಕತೆಗೆ ಹೇಳಿಮಾಡಿಸಿದ್ದೆಂದು ಹಲವರು ಭಾವಿಸುತ್ತಾರೆ. ಹೋಲಿಕೆ ಚೆನ್ನಾಗಿದೆ, ನಂಜಿಕೆಯಾಗಿ ಅದು ಸೋಲುತ್ತದೆ. ಒಲೆಯಿಂದ ಇಳಿಸಿದ ಕೂಡಲೇ ತಿನ್ನದಿದ್ದರೆ ಒಳಗಿನದು ಗಟ್ಟಿಯಾಗುತ್ತದೆ, ತಿನ್ನಬೇಕಾದರೆ ಪುಸ್ತಕವನ್ನು ಮಗುಚಿಡಬೇಕಾಗುತ್ತದೆ. ಬರಿಯ ಚಾಕೊಲೇಟ್ ಬಾರ್ ಕೂಡ ನಮ್ಮ ಊರಿಗೆ ಹೇಳಿಸಿದ್ದಲ್ಲ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಯಲ್ಲೇ ಕರಗುವುದರಿಂದ, ಏಪ್ರಿಲ್ ಮಧ್ಯಾಹ್ನ ಎರಡನೆಯ ಅಧ್ಯಾಯ ಮುಗಿಯುವ ಮುನ್ನ ಗ್ರಂಥಾಲಯದ ಪುಸ್ತಕದ ಮೇಲೆ ಓದುಗನದೇ ಬೆರಳಚ್ಚು ಮೂಡಿರುತ್ತದೆ. ಬೇಕಾದದ್ದು ಕೈಗೆ ಅಂಟದ, ಆರಿದರೂ ಕೆಡದ, ಪುಟಕ್ಕೊಂದು ಚೂರಿನಂತೆ ಬಾಯಿಗೆ ಹೋಗುವ ತಿನಿಸು.

ಮೊಟ್ಟೆ ಮುಟ್ಟದ ಮನೆಗಳು ಇಲ್ಲಿ ಬಹಳವಿರುವುದರಿಂದ ನಾನು ಸೂಚಿಸುವುದು ಹಾಲು, ಬೆಣ್ಣೆ, ಮೊಟ್ಟೆ ಮೂರೂ ಇಲ್ಲದ ಚಾಕೊಲೇಟ್ ಕೇಕನ್ನು. ಬೆಣ್ಣೆದೋಸೆಯ ಊರಿನಲ್ಲಿ ಕೂತು ಬೆಣ್ಣೆ ಬೇಡವೆನ್ನುವ ಧೈರ್ಯವನ್ನು ಓದುಗರು ಮನ್ನಿಸಬೇಕು. ಒಂದೂವರೆ ಬಟ್ಟಲು ಮೈದಾ, ಒಂದು ಬಟ್ಟಲು ಸಕ್ಕರೆ, ಕಾಲು ಬಟ್ಟಲು ಕೋಕೋ ಪುಡಿ, ಒಂದು ಚಹಾ ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪನ್ನು ಜರಡಿ ಹಿಡಿಯಬೇಕು. ಒಂದು ಬಟ್ಟಲು ನೀರು, ಬಟ್ಟಲಿನ ಮೂರನೆಯ ಒಂದು ಭಾಗದಷ್ಟು ಎಣ್ಣೆ, ಒಂದು ದೊಡ್ಡ ಚಮಚ ವಿನೆಗರ್ ಸೇರಿಸಿ ಗಂಟಿಲ್ಲದಂತೆ ಕಲಸಿ ಎಣ್ಣೆ ಸವರಿದ ಪಾತ್ರೆಗೆ ಸುರಿಯಬೇಕು. ಸೋಡಾ ಮತ್ತು ವಿನೆಗರ್ ಕೂಡಿ ಹುಟ್ಟುವ ಇಂಗಾಲದ ಡೈಆಕ್ಸೈಡ್ ಹಿಟ್ಟನ್ನು ಉಬ್ಬಿಸುತ್ತದೆ. ಅದು ಹೊರಟುಹೋಗುವ ಮೊದಲೇ ಪಾತ್ರೆ ಶಾಖಕ್ಕೆ ಸೇರಬೇಕಾದ್ದರಿಂದ, ಕಲಸಿಟ್ಟು ಫೋನಿನಲ್ಲಿ ಮಾತಿಗೆ ನಿಲ್ಲುವಂತಿಲ್ಲ. ಓವನ್ ಇಲ್ಲದವರು ಕುಕ್ಕರಿನ ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದು, ತಳದಲ್ಲಿ ಉಪ್ಪು ಹರಡಿ, ಸ್ಟ್ಯಾಂಡಿನ ಮೇಲೆ ಪಾತ್ರೆಯಿಟ್ಟು ಸಣ್ಣ ಉರಿಯಲ್ಲಿ ಸುಮಾರು 40 ನಿಮಿಷ ಬೇಯಿಸಬಹುದು. ಕೋಕೋ ಪುಡಿ ಕಡುಬಣ್ಣದ್ದಾಗಿ, ಸಕ್ಕರೆಯಿಲ್ಲದ್ದಾಗಿ ಇರಬೇಕು. ಹಾಲಿಗೆ ಬೆರೆಸುವ ಸಿಹಿಪುಡಿಯಿಂದ ಆ ಕಹಿ ಬರುವುದಿಲ್ಲ.

ಆ 40 ನಿಮಿಷಗಳಲ್ಲಿ ಸಾಧಾರಣ ವೇಗದ ಓದುಗನಿಗೆ ಊರು, ಪಾತ್ರಗಳು, ಮೊದಲ ಹೆಣ ಇಷ್ಟೂ ಪರಿಚಯವಾಗುತ್ತವೆ. ಕೇಕು ಆರುವ ಹೊತ್ತಿಗೆ ಸಂಶಯಗಳು ಹುಟ್ಟಿರುತ್ತವೆ. ಎಲ್ಲರನ್ನೂ ಒಂದು ಕೋಣೆಗೆ ಸೇರಿಸಿ ಕೊಲೆಗಾರನನ್ನು ಹೆಸರಿಸುವ ಕೊನೆಯ ಅಧ್ಯಾಯಕ್ಕೆಂದು ಒಂದು ತುಂಡನ್ನು ಮುಚ್ಚಿಡುವುದು ಒಳ್ಳೆಯದು. ಮನೆಯಲ್ಲಿ ಬೇರೆಯವರಿದ್ದರೆ, ಅದು ಕಾಣೆಯಾದಾಗ ವಿಚಾರಣೆ ಎಲ್ಲಿಂದ ಶುರುಮಾಡಬೇಕೆಂಬುದು ಅಷ್ಟರಲ್ಲಿ ತಿಳಿದಿರುತ್ತದೆ.