ಬಾಯಿ ಕಟ್ಟು ಅನ್ನೋ ಮೊದಲು

ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜಿ ಮನೆಯಲ್ಲಿ ಮಳೆಗಾಲದ ಬೆಳಗ್ಗೆ ಅಂದ್ರೆ ಒಲೆ ಮುಂದೆ ಕೂತು ಅಕ್ಕಿ ರೊಟ್ಟಿ ತಿನ್ನೋದು. ಹೋದ ತಿಂಗಳು ಅಕ್ಕನ ಮಕ್ಕಳಿಬ್ಬರೂ ಬಂದಿದ್ದರು. ಹುಡುಗಿಗೆ ಹದಿನಾಲ್ಕು, ತಮ್ಮ ಒಂದೂವರೆ ವರ್ಷ ಚಿಕ್ಕವನು. ಅವನು ಎರಡನೇ ರೊಟ್ಟಿಯಲ್ಲಿ ಅರ್ಧ ಬಿಟ್ಟು ಎದ್ದ. ಅವಳು ನಾಲ್ಕನೆಯದಕ್ಕೆ ಕೈ ಚಾಚಿದಳು. "ಸಾಕು ಮಾಡೇ, ಸ್ವಲ್ಪ ಬಾಯಿ ಕಟ್ಟೋದು ಕಲಿ" ಅಂದರು ದೊಡ್ಡಮ್ಮ. ಹುಡುಗಿ ಕೈ ಹಿಂದಕ್ಕೆ ಎಳ್ಕೊಂಡಳು. ಬೆರಳಿಗೆ ಅಂಟಿದ್ದ ಬೆಣ್ಣೆಯನ್ನು ತಟ್ಟೆಯ ಅಂಚಿಗೆ ಒರೆಸಿ ಎದ್ದು ಹೋದಳು. ಆಮೇಲೆ ಜಗಲಿಗೆ ಬಂದು ನನ್ನ ಹತ್ತಿರ, "ಮಾವ, ನಂಗೆ ನಿಜವಾಗ್ಲೂ ಹೊಟ್ಟೆ ತುಂಬಿರ್ಲಿಲ್ಲ" ಅಂದಳು.

ನಾನು ಅವಳ ಮಾತು ನಂಬುತ್ತೇನೆ. ಯಾಕೆ ಅಂತ ಹೇಳ್ತೀನಿ.

"ಸಾಕು" ಅನ್ನಿಸೋದು ಹೊಟ್ಟೆಯಲ್ಲಿ ಅಂದ್ಕೊಂಡಿರ್ತೀವಿ, ಆದರೆ ಅದು ತೀರ್ಮಾನ ಆಗೋದು ಮಿದುಳಿನ ಬುಡದಲ್ಲಿರುವ ಹೈಪೋಥಲಮಸ್ ಅನ್ನೋ ಪುಟ್ಟ ಜಾಗದಲ್ಲಿ. ಮೈಯಲ್ಲಿರೋ ಕೊಬ್ಬು ಲೆಪ್ಟಿನ್ ಅನ್ನೋ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತೆ. ಕೊಬ್ಬು ಜಾಸ್ತಿಯಾದಷ್ಟೂ ಲೆಪ್ಟಿನ್ ಜಾಸ್ತಿ. ದಾಸ್ತಾನು ಸಾಕಷ್ಟಿದೆ, ತಿನ್ನೋದು ಕಡಿಮೆ ಮಾಡು ಅನ್ನೋ ಸುದ್ದಿ ಅದು. ಸುದ್ದಿ ಹಿಡಿಯೋಕೆ ಜೀವಕೋಶದ ಮೇಲೆ ರಿಸೆಪ್ಟರ್ ಇರಬೇಕು. ಮಲೆನಾಡಿನವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡದ ಮೇಲೆ ಟವರ್ ಇದ್ದರೂ ತೋಟದ ಮನೆಯಲ್ಲಿ ಒಬ್ಬರ ಫೋನಿಗೆ ಎರಡು ಕಡ್ಡಿ ಸಿಗ್ನಲ್, ಪಕ್ಕದಲ್ಲೇ ಕೂತವರ ಫೋನಿಗೆ ಒಂದೂ ಇಲ್ಲ, ಅಲ್ವಾ?

ಇದು ಗೊತ್ತಾಗಿದ್ದು ಇಲಿಗಳಿಂದ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ವಿಪರೀತ ದಪ್ಪಗಾಗುವ ಎರಡು ತಳಿಯ ಇಲಿಗಳಿದ್ದವು. ನೋಡೋಕೆ ಎರಡೂ ಒಂದೇ ಥರ. ಡಗ್ಲಸ್ ಕೋಲ್ಮನ್ ಅನ್ನೋ ವಿಜ್ಞಾನಿ ಒಂದೊಂದು ತಳಿಯಿಂದ ಒಂದೊಂದು ಇಲಿಯನ್ನು ತಂದು ಜೋಡಿ ಮಾಡಿ, ಎರಡರ ರಕ್ತವೂ ಒಂದರೊಳಗೊಂದು ಹರಿಯುವ ಹಾಗೆ ಹೊಲಿದರು. ಒಂದು ಇಲಿ ತಿನ್ನೋದನ್ನೇ ಬಿಟ್ಟು ಸೊರಗಿ ಸತ್ತಿತು, ಇನ್ನೊಂದು ದಪ್ಪಗೇ ಉಳಿಯಿತು. ಸೊರಗಿದ ಇಲಿಗೆ ಹಾರ್ಮೋನ್ ಮಾಡೋಕೆ ಬರ್ತಿರಲಿಲ್ಲ, ಆದರೆ ಬಂದರೆ ಕೇಳಿಸಿಕೊಳ್ಳುತ್ತಿತ್ತು. ದಪ್ಪಗೇ ಉಳಿದ ಇಲಿಯಲ್ಲಿ ಹಾರ್ಮೋನ್ ಬೇಕಾದಷ್ಟಿತ್ತು, ಕೇಳಿಸಿಕೊಳ್ಳೋ ರಿಸೆಪ್ಟರ್ ಇರಲಿಲ್ಲ. ಕೋಲ್ಮನ್ ಊಹಿಸಿದ ಆ ಹಾರ್ಮೋನನ್ನು ಜೆಫ್ರಿ ಫ್ರೀಡ್ಮನ್ ತಂಡ 1994ರಲ್ಲಿ ಪತ್ತೆ ಮಾಡಿತು. ಮರುವರ್ಷವೇ ರಿಸೆಪ್ಟರ್ ಕೂಡ ಸಿಕ್ಕಿತು.

ಮನುಷ್ಯರಲ್ಲೂ ಇದೇ ದೋಷ ಇರಬಹುದು ಅಂತ 1998ರಲ್ಲಿ ಫ್ರಾನ್ಸಿನ ಒಂದು ಕುಟುಂಬದ ಮೂವರು ಅಕ್ಕತಂಗಿಯರಲ್ಲಿ ಕಂಡುಬಂತು. ಲೆಪ್ಟಿನ್ ರಿಸೆಪ್ಟರ್ ಪೂರ್ತಿ ಕೆಡಬೇಕಾದರೆ ಅಪ್ಪ ಅಮ್ಮ ಇಬ್ಬರಿಂದಲೂ ಅದರ ಜೀನಿನ ಕೆಟ್ಟ ಪ್ರತಿ ಬರಬೇಕು. ಹಾಗಾಗಿ ಇದು ಬಹಳ ಅಪರೂಪ. ಸೋದರ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಸಾಧ್ಯತೆ ಸ್ವಲ್ಪ ಜಾಸ್ತಿ. ನಮ್ಮ ಕಡೆ ಅಂಥ ಮದುವೆಗಳು ಇವೆ, ಡಾಕ್ಟರ್ ಕೇಳಿದರೆ ಮುಚ್ಚಿಡಬೇಡಿ.

ಅದಕ್ಕಿಂತ ಹೆಚ್ಚಾಗಿ ಕಾಣೋದು ಎಂಸಿ4ಆರ್ ಅನ್ನೋ ಇನ್ನೊಂದು ರಿಸೆಪ್ಟರಿನ ದೋಷ. ಲೆಪ್ಟಿನ್ ತಂದ ಸುದ್ದಿ ಮುಂದೆ ದಾಟೋದು ಇದರ ಮೂಲಕ. ಇಲ್ಲಿ ಒಂದೇ ಪ್ರತಿ ಕೆಟ್ಟರೂ ಹಸಿವು ಏರುತ್ತೆ. 2003ರಲ್ಲಿ ಬ್ರಿಟನ್ನಿನ ತಂಡವೊಂದು ಚಿಕ್ಕಂದಿನಿಂದಲೇ ತೀವ್ರ ಬೊಜ್ಜಿದ್ದ 500 ಜನರನ್ನು ಪರೀಕ್ಷಿಸಿದಾಗ 29 ಮಂದಿಯಲ್ಲಿ ಈ ಜೀನಿನ ದೋಷ ಸಿಕ್ಕಿತು. ಇದರ ಇನ್ನೊಂದು ಮುಖವೂ ಇದೆ. ಕೆಲವರಲ್ಲಿ ಇದೇ ರಿಸೆಪ್ಟರ್ ಇನ್ನಷ್ಟು ಚುರುಕಾಗಿರುತ್ತೆ, ಅವರು ಬೊಜ್ಜಿನಿಂದ ಒಂದಷ್ಟು ತಪ್ಪಿಸಿಕೊಳ್ತಾರೆ. ಎಷ್ಟು ತಿಂದರೂ ಮೈಗೆ ಹತ್ತಲ್ಲ ಅಂತ ಹೆಮ್ಮೆಪಡುವವರು ಇದನ್ನೊಮ್ಮೆ ಯೋಚಿಸಬೇಕು ಅಂತ ನನಗನ್ನಿಸುತ್ತೆ.

ಬಹುತೇಕ ಮಕ್ಕಳಲ್ಲಿ ಇಷ್ಟು ದೊಡ್ಡ ದೋಷ ಏನೂ ಇರಲ್ಲ. ಇರೋದು ಸಣ್ಣ ಸಣ್ಣ ವ್ಯತ್ಯಾಸ. 2008ರಲ್ಲಿ ಲಂಡನ್ನಿನಲ್ಲಿರುವ ಭಾರತೀಯ ಮೂಲದವರ ಅಧ್ಯಯನದಲ್ಲಿ, ಎಂಸಿ4ಆರ್ ಜೀನಿನ ಹತ್ತಿರ ಡಿಎನ್‌ಎಯ ಒಂದೇ ಒಂದು ಅಕ್ಷರದ ವ್ಯತ್ಯಾಸ ಎರಡೂ ಪ್ರತಿಯಲ್ಲಿ ಇದ್ದವರ ಸೊಂಟದ ಸುತ್ತಳತೆ ಸುಮಾರು 2 ಸೆಂಟಿಮೀಟರ್ ಜಾಸ್ತಿ ಇತ್ತು. ಇಂಥ ನೂರಾರು ವ್ಯತ್ಯಾಸಗಳು ಸೇರಿ ತಕ್ಕಡಿಯನ್ನು ಒಂದು ಕಡೆಗೆ ವಾಲಿಸುತ್ತವೆ. ಲೆಪ್ಟಿನ್ ರಿಸೆಪ್ಟರಿನ 223ನೇ ಜಾಗದ ವ್ಯತ್ಯಾಸದ ಬಗ್ಗೆ ಎಷ್ಟೋ ಕಡೆ ಪರೀಕ್ಷೆ ಆಗಿದೆ, ಕೆಲವರಿಗೆ ಬೊಜ್ಜಿನ ನಂಟು ಕಂಡಿತು, ಕೆಲವರಿಗೆ ಕಾಣಲೇ ಇಲ್ಲ. ಅಂಥ ಒಂದೊಂದೇ ಅಕ್ಷರ ನೋಡಿ ಮಗುವಿನ ಭವಿಷ್ಯ ಹೇಳೋ ದುಬಾರಿ ಟೆಸ್ಟುಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಹದಿಹರೆಯದಲ್ಲಿ ಇದೆಲ್ಲ ಎದ್ದು ಕಾಣುತ್ತೆ. ಮೈ ಬೆಳೆಯೋ ಭರದಲ್ಲಿ ಹಸಿವು ಏರುತ್ತೆ, ಇನ್ಸುಲಿನ್ ಕೆಲಸ ಸಹಜವಾಗಿಯೇ ಸ್ವಲ್ಪ ನಿಧಾನವಾಗುತ್ತೆ, ಕೈಗೆ ನಾಲ್ಕು ಕಾಸು ಬಂದಿರುತ್ತೆ, ಮತ್ತೆ ಟ್ಯೂಷನ್ ಮುಗಿಸಿ ಬರೋ ದಾರಿಯಲ್ಲಿ ಶಿವಮೊಗ್ಗದ ಯಾವ ಬೀದಿಗೆ ಹೋದರೂ ಒಂದು ಬೇಕರಿ, ಒಂದು ಗೋಬಿ ಗಾಡಿ. ನಮ್ಮಜ್ಜಿಯ ಜೀನುಗಳೇ ಇವಳಿಗೂ ಬಂದಿವೆ. ಅಜ್ಜಿ ಗುಡ್ಡ ಹತ್ತಿ ಇಳಿದು ಶಾಲೆಗೆ ಹೋಗ್ತಿದ್ದರು, ಇವಳ ಮನೆ ಬಾಗಿಲಿಗೇ ವ್ಯಾನ್ ಬರುತ್ತೆ.

ಐದು ವರ್ಷ ತುಂಬೋ ಮೊದಲೇ ತೂಕ ವಿಪರೀತ ಏರಿದ್ದು, ಎಷ್ಟು ತಿಂದರೂ ಹಸಿವು ತಣಿಯದೆ ಮಗು ಊಟಕ್ಕಾಗಿ ಅಳುತ್ತಿದ್ದರೆ ಹಾರ್ಮೋನ್ ತಜ್ಞರ ಹತ್ತಿರ ಕರ್ಕೊಂಡು ಹೋಗಿ. ಅಂಥವರಿಗೆ ಜೀನ್ ಪರೀಕ್ಷೆಗೆ ಅರ್ಥ ಇದೆ. ಕೆಟ್ಟಿರೋ ಲೆಪ್ಟಿನ್ ರಿಸೆಪ್ಟರಿನ ಗೊಡವೆಗೇ ಹೋಗದೆ ನೇರ ಎಂಸಿ4ಆರ್‌ಗೇ ಸುದ್ದಿ ಮುಟ್ಟಿಸುವ ಸೆಟ್‌ಮೆಲನೊಟೈಡ್ ಅನ್ನೋ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ.

ನಮ್ಮ ಹುಡುಗಿಗೆ ಅಂಥದ್ದೇನೂ ಇದ್ದ ಹಾಗಿಲ್ಲ, ಅವಳು ಚಿಕ್ಕಂದಿನಲ್ಲಿ ತೆಳ್ಳಗೇ ಇದ್ದಳು. ದೊಡ್ಡಮ್ಮನಿಗೆ ಇಷ್ಟೂ ಹೇಳಿದೆ, ಇಲಿಗಳ ಕಥೆ ಸಮೇತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಾರನೇ ದಿನ ರೊಟ್ಟಿಗಿಂತ ಮೊದಲು ಎಲ್ಲರ ತಟ್ಟೆಗೂ ಹೆಸರುಕಾಳಿನ ಪಲ್ಯ ಬಿತ್ತು, ಹುಡುಗನ ತಟ್ಟೆಗೂ. ರೊಟ್ಟಿಯನ್ನು ಯಾರೂ ಎಣಿಸಲಿಲ್ಲ.