ಟಿಕೆಟ್‌ಗೆ ನಿಜವಾಗಿ ಉತ್ತರ ಕೊಡುವವರು ಎಷ್ಟು ಮಂದಿ?

ದೂರು, ಕೋರಿಕೆಗಳನ್ನು ದಾಖಲಿಸಿ ನಿಭಾಯಿಸುವ ಸರ್ವಿಸ್ ಡೆಸ್ಕ್ ತಂತ್ರಾಂಶದಲ್ಲಿ ದೂರು ದಾಖಲಿಸುವವರಿಗೆ ಸಾಮಾನ್ಯವಾಗಿ ಲೈಸೆನ್ಸ್ ಬೇಕಿಲ್ಲ. ಟಿಕೆಟ್ (ಹೀಗೆ ದಾಖಲಾದ ದೂರು) ತೆಗೆದುಕೊಂಡು, ಉತ್ತರ ಬರೆದು, ಮುಗಿಸುವ ಏಜೆಂಟ್‌ಗಳ ಸಂಖ್ಯೆಯೇ ಬಿಲ್ಲನ್ನು ಬೆಳೆಸುತ್ತದೆ. ಕೆಲಸ ಕೆಡುವುದು ಈ ಎರಡರ ನಡುವೆ ಇರುವವರಿಂದ: ಅನುಮೋದನೆ ಕೊಡುವ ಮ್ಯಾನೇಜರ್, ಸಲಹೆಗೆ ಬರುವ ಡೆವಲಪರ್, ವರದಿ ನೋಡುವ ಮುಖ್ಯಸ್ಥರು. "ಏಜೆಂಟ್ ಮಾಡಿಬಿಡಿ, ಎಲ್ಲವೂ ಕಾಣುತ್ತದೆ" ಎಂದು ಪೂರ್ತಿ ಲೈಸೆನ್ಸ್ ಕೊಡುವುದು ಬಹಳ ದುಬಾರಿ ಅಭ್ಯಾಸ.

ಇಂಥವರಿಗೆಂದೇ ಹಲವು ಸರ್ವಿಸ್ ಡೆಸ್ಕ್ ತಂತ್ರಾಂಶಗಳಲ್ಲಿ ಬೇರೆ ಪಾತ್ರಗಳಿವೆ. ಜಿರಾ ಸರ್ವಿಸ್ ಮ್ಯಾನೇಜ್‌ಮೆಂಟ್‌ನಲ್ಲಿ, ಜಿರಾ (ತಂಡದ ಕೆಲಸಗಳ ಜಾಡು ಹಿಡಿಯುವ ತಂತ್ರಾಂಶ) ಬಳಸುತ್ತಿರುವ ಡೆವಲಪರ್ ಏಜೆಂಟ್ ಲೈಸೆನ್ಸ್ ಇಲ್ಲದೆಯೇ ಟಿಕೆಟ್ ನೋಡಿ ಆಂತರಿಕ ಟಿಪ್ಪಣಿ ಬರೆಯಬಹುದು. ದೂರುದಾರರಿಗೆ ಕಾಣುವ ಉತ್ತರ ಬರೆಯಲಾಗದು. ಝೆನ್‌ಡೆಸ್ಕ್‌ನ ಲೈಟ್ ಏಜೆಂಟ್ ಹೆಚ್ಚುಕಡಿಮೆ ಇದೇ. ಫ್ರೆಶ್‌ಸರ್ವಿಸ್‌ನಲ್ಲಿ ಅಪರೂಪಕ್ಕೆ ಬರುವ ಏಜೆಂಟ್‌ಗೆ ಡೇ ಪಾಸ್ (ಒಂದು ದಿನದ ಮಟ್ಟಿಗಿನ ಪ್ರವೇಶ) ಸಾಕು.

ಲೈಸೆನ್ಸ್‌ಗಳನ್ನು ಸ್ವಚ್ಛ ಮಾಡುವುದಾದರೆ ಮೊದಲು ಏಜೆಂಟ್ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿ. ಪ್ರತಿ ಹೆಸರಿನ ಮುಂದೆ ಕಳೆದ 90 ದಿನಗಳ ಲೆಕ್ಕ ಬರೆಯಿರಿ: ಎಷ್ಟು ಟಿಕೆಟ್ ಮುಗಿಸಿದರು, ದೂರುದಾರರಿಗೆ ಎಷ್ಟು ಉತ್ತರ ಕೊಟ್ಟರು, ಆಂತರಿಕ ಟಿಪ್ಪಣಿ ಎಷ್ಟು, ಅನುಮೋದನೆ ಎಷ್ಟು. ಉದಾಹರಣೆಗೆ 60 ಏಜೆಂಟ್‌ಗಳಲ್ಲಿ 14 ಮಂದಿ ಟಿಪ್ಪಣಿ ಮಾತ್ರ ಬರೆದಿದ್ದು, 7 ಮಂದಿ ಅನುಮೋದನೆ ಮಾತ್ರ ಕೊಟ್ಟಿದ್ದು, 5 ಮಂದಿ ಲಾಗಿನ್ನೇ ಆಗದಿದ್ದರೆ, 26 ಲೈಸೆನ್ಸ್ ಪರಿಶೀಲನೆಗೆ ಬಂದಂತಾಯಿತು. ತಕ್ಷಣ ಕಿತ್ತುಹಾಕಬೇಡಿ. ವರ್ಷಾಂತ್ಯದಲ್ಲಷ್ಟೇ ಕೆಲಸ ಬೀಳುವವರು, ದೀರ್ಘ ರಜೆಯಲ್ಲಿರುವವರು ಅದರಲ್ಲಿರಬಹುದು. ಲೈಸೆನ್ಸ್ ತೆಗೆಯುವವರ ಹೆಸರಲ್ಲಿ ತೆರೆದಿರುವ ಟಿಕೆಟ್‌ಗಳನ್ನೂ, ಆಟೊಮೇಷನ್ ನಿಯಮಗಳನ್ನೂ ಮೊದಲು ಬೇರೆಯವರಿಗೆ ವರ್ಗಾಯಿಸಿ.

ಇಷ್ಟು ಮಾಡಿದರೂ ಕೆಲವು ತಿಂಗಳಲ್ಲಿ ಸಂಖ್ಯೆ ಮತ್ತೆ ಏರಿದರೆ ಗ್ರೂಪ್‌ಗಳನ್ನು ನೋಡಿ. ಹೊಸ ಉದ್ಯೋಗಿಯನ್ನು ಕಂಪನಿಯ ಉದ್ಯೋಗಿ ಖಾತೆಗಳ ಡೈರೆಕ್ಟರಿಯಿಂದ ತಾನಾಗಿ ಸೇರಿಸುವ ಡಿಫಾಲ್ಟ್ ಗ್ರೂಪ್‌ಗೆ ಏಜೆಂಟ್ ಪ್ರವೇಶ ಅಂಟಿಕೊಂಡಿದ್ದರೆ, ಸೇರಿದವರೆಲ್ಲ ಬಿಲ್ಲಿಗೆ ಬರುತ್ತಾರೆ. ಸರ್ವಿಸ್‌ನೌನಲ್ಲೂ ಗ್ರೂಪ್‌ಗೆ ಐಟಿಐಎಲ್ ರೋಲ್ (ಏಜೆಂಟ್‌ನಂತೆ ಟಿಕೆಟ್ ನಿಭಾಯಿಸುವ ಅಧಿಕಾರ) ಕೊಟ್ಟರೆ ಅದರ ಸದಸ್ಯರಿಗೆಲ್ಲ ಆ ರೋಲ್ ಇಳಿಯುತ್ತದೆ. ಒಬ್ಬೊಬ್ಬರ ಖಾತೆಯನ್ನು ತಿದ್ದಿ ಫಲವಿಲ್ಲ, ಗ್ರೂಪನ್ನೇ ತಿದ್ದಬೇಕು.

ಪಾಳಿಯಲ್ಲಿ ಕೆಲಸ ಮಾಡುವ ತಂಡಕ್ಕೆ ಫ್ಲೋಟಿಂಗ್ ಲೈಸೆನ್ಸ್ (ಒಂದೇ ಹೊತ್ತಿಗೆ ಲಾಗಿನ್ ಆದವರನ್ನಷ್ಟೇ ಲೆಕ್ಕ ಹಾಕುವ ಲೈಸೆನ್ಸ್) ಸಿಗುವುದಾದರೆ ಒಳ್ಳೆಯದೇ. ಆದರೆ 3 ಪಾಳಿ, ಪಾಳಿಗೆ 12 ಮಂದಿ ಎಂದು 12 ಮಾತ್ರ ಕೊಂಡರೆ ಪಾಳಿ ಬದಲಾಗುವ ಅರ್ಧ ಗಂಟೆಯಲ್ಲಿ ಹೊಸಬರು ಹೊರಗೇ ಉಳಿಯುತ್ತಾರೆ. ಹಳೆಯ ಪಾಳಿಯವರು ಲಾಗೌಟ್ ಆಗದಿದ್ದರೆ ಸೆಷನ್ ಮುಗಿಯುವವರೆಗೂ ಲೈಸೆನ್ಸ್ ಬಿಡುಗಡೆಯಾಗದು. ಆ ಹೊತ್ತಿನ ಗರಿಷ್ಠ ಸಂಖ್ಯೆಯನ್ನು ಅಳೆದೇ ಕೊಳ್ಳಿ.

ಒಂದೇ ಲಾಗಿನ್ನನ್ನು ನಾಲ್ವರು ಹಂಚಿಕೊಳ್ಳುವುದು ಮಾತ್ರ ಬೇಡವೇ ಬೇಡ. ಸಾಮಾನ್ಯವಾಗಿ ಅದು ಒಪ್ಪಂದದ ಉಲ್ಲಂಘನೆ. ಜೊತೆಗೆ ಟಿಕೆಟ್ ಮುಗಿಸಿದವರು ಯಾರೆಂಬ ದಾಖಲೆಯೇ ಅಳಿಸಿಹೋಗುತ್ತದೆ.

ವಾರ್ಷಿಕ ಒಪ್ಪಂದಗಳಲ್ಲಿ ನಡುವೆ ಲೈಸೆನ್ಸ್ ಸೇರಿಸುವುದು ಸುಲಭ, ಇಳಿಸಲು ಸಾಮಾನ್ಯವಾಗಿ ನವೀಕರಣದ ತನಕ ಕಾಯಬೇಕು. ಹಾಗಾಗಿ ಈ ಪರಿಶೀಲನೆಯನ್ನು ನವೀಕರಣಕ್ಕೆ 90 ದಿನ ಮುಂಚೆ ಶುರುಮಾಡಿ. ಸಂಖ್ಯೆ ಇಳಿಸಲು ಎಷ್ಟು ದಿನ ಮೊದಲು ತಿಳಿಸಬೇಕೆಂದು ಒಪ್ಪಂದದಲ್ಲಿ ಅಂದೇ ನೋಡಿಕೊಳ್ಳಿ.